ಓಡಿಸೋಕೆ ಖುಷಿ ಕೊಡೋ ಕಾರಲ್ಲಿ ನಿಜವಾಗ್ಲೂ ಏನಿರುತ್ತೆ?

ಮೂರನೇಗೇರು:

ಎಲ್ಲರಿಗೂ ನಮಸ್ಕಾರ. ಗಾಡಿ ಬಗ್ಗೆ ಆಳವಾಗಿ ತಿಳ್ಕೊಂಡೋರು ಇಲ್ಲಿ ತುಂಬ ಜನ ಇದೀರ, ಅದಕ್ಕೇ ಇಲ್ಲೇ ಕೇಳ್ತಿದೀನಿ. ನಮ್ಮನೇಲಿ ಎರಡು ಕಾರಿದೆ. ಒಂದು ಹಳೇ ಚಿಕ್ಕ ಹ್ಯಾಚ್‌ಬ್ಯಾಕು, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನು, ಐದು ಗೇರಿನ ಮ್ಯಾನ್ಯುವಲ್ಲು, ತೂಕ ಒಂದು ಟನ್ನಿಗಿಂತ ಕಮ್ಮಿ. ಇನ್ನೊಂದು ಹೊಸ ಎಸ್‌ಯುವಿ, ಟರ್ಬೊ, ಆಟೊಮ್ಯಾಟಿಕ್ಕು, ಪವರ್ ಹೆಚ್ಚುಕಮ್ಮಿ ಡಬಲ್, ಅಗಲ ಟೈರು, ದೊಡ್ಡ ಬ್ರೇಕು. ಯಾವ ಲೆಕ್ಕದಲ್ಲಿ ನೋಡಿದ್ರೂ ಎರಡನೇದೇ ಮೇಲು, ಮನೆಯವರನ್ನೆಲ್ಲ ಕೂರಿಸ್ಕೊಂಡು ದೂರ ಹೋಗೋಕೆ ಅದಕ್ಕಿಂತ ಒಳ್ಳೇದು ಬೇಕಿಲ್ಲ. ಆದ್ರೆ ಒಬ್ಬನೇ ಹೋಗೋ ಕೆಲಸ ಬಂತು ಅಂದ್ರೆ, ಅದರಲ್ಲೂ ತಿರುವು ಜಾಸ್ತಿ ಇರೋ ರಸ್ತೆ ಅಂದ್ರೆ, ನಾನು ಹುಡುಕೋದು ಹಳೇ ಗಾಡಿ ಕೀನೇ.

ಸ್ನೇಹಿತರನ್ನ ಕೇಳಿದ್ರೆ "ಅದು ಹಳೇ ಗಾಡಿ ಮೇಲಿನ ಪ್ರೀತಿ ಅಷ್ಟೇ, ಹೊಸದಕ್ಕೆ ನೀನು ಇನ್ನೂ ಒಗ್ಗಿಲ್ಲ" ಅಂತಾರೆ. ನನಗೆ ಹಾಗನ್ಸಲ್ಲ. ಯಾಕಂದ್ರೆ ಬೇರೆಯವರ ಕೆಲವು ಕಾರು, ನನಗೆ ಪರಿಚಯವೇ ಇಲ್ಲದ್ದು, ಮೊದಲನೇ ಸಲ ಕೂತು ಓಡಿಸಿದಾಗಲೇ ಆಹಾ ಅನ್ಸಿದೆ, ಇನ್ ಕೆಲವು ದುಬಾರಿ ಗಾಡಿ ಓಡಿಸಿ ಇಳಿದ್ಮೇಲೆ ಏನೂ ನೆನಪಲ್ಲಿ ಉಳಿದಿಲ್ಲ. ಅಂದ್ಮೇಲೆ ಗಾಡೀಲೇ ಏನೋ ಇದೆ. ಅದೇನು? ತೂಕನಾ, ಸ್ಟೇರಿಂಗಾ, ಎಂಜಿನ್ನಾ, ಗೇರ್‌ಬಾಕ್ಸಾ? "ಫೀಲ್ ಚೆನ್ನಾಗಿದೆ" ಅಂತ ಎಲ್ರೂ ಬರೀತಾರೆ, ಆ ಫೀಲ್ ಎಲ್ಲಿಂದ ಬರುತ್ತೆ ಅಂತ ಬಿಡಿಸಿ ಹೇಳೋರು ನನಗೆ ಸಿಕ್ಕಿಲ್ಲ. ಸ್ಪೀಡ್ ಬಗ್ಗೆ ನಾನು ಕೇಳ್ತಿಲ್ಲ, ನೂರು ಮುಟ್ಟೋಕೆ ಎಷ್ಟು ಸೆಕೆಂಡು ಅನ್ನೋದು ಎಲ್ಲಾ ಕಡೆ ಸಿಗುತ್ತೆ.

ಹಗುರಗಾಡಿ:

ತೂಕ ಸರ್. ಮೊದಲನೇದು ತೂಕ, ಎರಡನೇದು ಆ ತೂಕ ಗಾಡೀಲಿ ಎಲ್ಲಿದೆ ಅನ್ನೋದು, ಮಿಕ್ಕಿದ್ದೆಲ್ಲ ಆಮೇಲೆ.

ತೂಕ ಜಾಸ್ತಿ ಆದ್ರೆ ಪಿಕಪ್ ಕಮ್ಮಿ ಆಗುತ್ತೆ, ಅದಕ್ಕೆ ಪವರ್ ಜಾಸ್ತಿ ಮಾಡಿದ್ರಾಯ್ತು ಅಂತ ಜನ ಅಂದ್ಕೊಂಡಿದಾರೆ. ಪಿಕಪ್‌ಗೆ ಅದು ಸರಿ. ಆದ್ರೆ ಬ್ರೇಕ್ ಹಾಕುವಾಗ, ತಿರುಗಿಸುವಾಗ, ಎಡಕ್ಕೆ ವಾಲಿದ ಗಾಡೀನ ಮರುಕ್ಷಣ ಬಲಕ್ಕೆ ಎಳೆಯುವಾಗ ಪವರ್ ಏನು ಮಾಡೀತು? ಆಗ ಏನ್ಮಾಡ್ತಾರೆ ಅಂದ್ರೆ, ವಾಲ್ದೇ ಇರ್ಲಿ ಅಂತ ಸ್ಪ್ರಿಂಗ್ ಗಟ್ಟಿ ಮಾಡ್ತಾರೆ, ಆಂಟಿ ರೋಲ್ ಬಾರ್ (ಗಾಡಿ ವಾಲೋದನ್ನ ತಡೆಯೋ ಸರಳು) ದಪ್ಪ ಮಾಡ್ತಾರೆ, ಗ್ರಿಪ್ ಸಾಲಲ್ಲ ಅಂತ ಟೈರ್ ಅಗಲ ಮಾಡ್ತಾರೆ, ನಿಲ್ಸೋಕೆ ಬ್ರೇಕ್ ದೊಡ್ಡದಾಗುತ್ತೆ, ಆ ಬ್ರೇಕ್ ಒಳಗೆ ಹಿಡಿಸೋಕೆ ರಿಮ್ ದೊಡ್ಡದಾಗುತ್ತೆ, ಅಷ್ಟಗಲ ಟೈರ್ ತಿರುಗಿಸೋಕೆ ಸ್ಟೇರಿಂಗ್‌ಗೆ ಮೋಟರ್ ಸಹಾಯ ಇನ್ನೂ ಬೇಕು, ಇಷ್ಟೆಲ್ಲ ಸೇರಿ ತೂಕ ಮತ್ತೆ ಏರುತ್ತೆ. ಒಂದೊಂದು ಸೇರಿಸ್ದಾಗ್ಲೂ ನಿಮ್ಮ ಕೈಯಿಂದ ರಸ್ತೆ ಅಷ್ಟಷ್ಟು ದೂರ ಹೋಗುತ್ತೆ.

ಲೋಟಸ್ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ರು. ಅವರು ಹೋದ್ಮೇಲೂ ಕಂಪನಿ ಅದೇ ದಾರೀಲಿ 1996ರಲ್ಲಿ ಎಲಿಸ್ ಅನ್ನೋ ಕಾರು ತಂತು, ಅಲ್ಯೂಮಿನಿಯಂ ಭಾಗಗಳನ್ನ ಅಂಟಿನಿಂದ ಜೋಡಿಸಿದ ಚಾಸಿ, ತೂಕ 725 ಕೆಜಿ ಆಸುಪಾಸು, 1.8 ಲೀಟರ್ ಎಂಜಿನ್ನು, ಪವರ್ 120 ಎಚ್‌ಪಿಗೂ ಒಂಚೂರು ಕಮ್ಮೀನೇ. ಪವರ್ ಸ್ಟೇರಿಂಗೇ ಇಲ್ಲ, ಅದರ ಅಗತ್ಯಾನೂ ಇಲ್ಲ. ಮಾಜ್ದಾ ಎಂಎಕ್ಸ್-5 ತಗೊಳಿ, 1989ರಲ್ಲಿ ಶಿಕಾಗೊ ಆಟೊ ಶೋನಲ್ಲಿ ಬಂದಾಗ ಅದರ ಎಂಜಿನ್ ಬರೀ 1.6 ಲೀಟರು. ಅದಕ್ಕಿಂತ ಜೋರಾಗಿ ಓಡೋ ಕಾರು ಆಗಲೂ ಬೇಕಾದಷ್ಟಿತ್ತು. ಆದ್ರೂ 2016ರಲ್ಲಿ ತಯಾರಾದ ಗಾಡಿಗಳ ಲೆಕ್ಕ ಹತ್ತು ಲಕ್ಷ ದಾಟ್ತು, ಎರಡೇ ಸೀಟಿನ ಓಪನ್ ಗಾಡಿ! ಜನ ಕಣ್ಮುಚ್ಕೊಂಡು ತಗೊಂಡಿಲ್ಲ.

ತೂಕ ಎಲ್ಲಿದೆ ಅಂದ್ನಲ್ಲ, ಎರಡು ಕೈಲೂ ತುಂಬಿದ ಬಕೆಟ್ ಹಿಡಿದು ಕೈ ಚಾಚ್ಕೊಂಡು ಗಿರ್ರನೆ ತಿರುಗಿ ನೋಡಿ, ಆಮೇಲೆ ಮೈಗೆ ಒತ್ತಿಹಿಡಿದು ತಿರುಗಿ ನೋಡಿ. ಎಂಜಿನ್ನು, ಬ್ಯಾಟರಿ, ಟ್ಯಾಂಕು ಎಲ್ಲ ಎರಡು ಆಕ್ಸಲ್ ಮಧ್ಯೆ ಇದ್ರೆ ಗಾಡಿ ತಿರುವಿಗೆ ಸಲೀಸಾಗಿ ಮೂತಿ ಹಾಕುತ್ತೆ, ತುದೀಲಿ ನೇತಾಡ್ತಿದ್ರೆ ಮೊದಲು ಒಲ್ಲೆ ಅನ್ನುತ್ತೆ, ಆಮೇಲೆ ತಿರುಗೋಕೆ ಶುರು ಮಾಡಿದ್ರೆ ನಿಲ್ಲೋಕೂ ಒಲ್ಲೆ ಅನ್ನುತ್ತೆ. ನಿಮ್ಮ ಹಳೇ ಹ್ಯಾಚ್‌ಬ್ಯಾಕ್ ಖುಷಿ ಕೊಡೋದಕ್ಕೆ ಬೇರೆ ಕಾರಣ ಹುಡುಕ್ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ರ‍್ಯಾಕ್‌ಪಿನಿಯನ್:

ಹಗುರಗಾಡಿ ಅವರು ಹೇಳಿದ್ದು ಸರೀನೇ ಆದ್ರೆ ಪೂರ್ತಿ ಅಲ್ಲ, ಹಗುರ ಇದ್ದೂ ಏನೂ ಹೇಳದ ಗಾಡಿಗಳು ಬೇಕಾದಷ್ಟಿವೆ. ಪ್ರಶ್ನೆ ಕೇಳಿದವರು ಫೀಲ್ ಎಲ್ಲಿಂದ ಬರುತ್ತೆ ಅಂತ ಕೇಳಿದಾರೆ, ಅದಕ್ಕೆ ಸ್ಟೇರಿಂಗ್ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಓದೋಕೆ ತಾಳ್ಮೆ ಇರ್ಲಿ.

ಗಾಡಿ ರಸ್ತೆಗೆ ಅಂಟ್ಕೊಂಡಿರೋದು ನಾಲ್ಕು ಅಂಗೈ ಅಗಲದ ರಬ್ಬರ್‌ನಿಂದ, ಅಷ್ಟೇ. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಟೈರ್ ಹೋಗ್ತಿರೋ ದಿಕ್ಕಿಗೂ ಅದು ಮುಖ ಮಾಡಿರೋ ದಿಕ್ಕಿಗೂ ಒಂದು ಸಣ್ಣ ಕೋನ ಬರುತ್ತೆ, ಸ್ಲಿಪ್ ಆಂಗಲ್ ಅಂತಾರೆ. ಆಗ ರಬ್ಬರ್ ತಿರುಚ್ಕೊಂಡು ಪಕ್ಕಕ್ಕೆ ಬಲ ಹುಟ್ಸುತ್ತೆ, ಆ ಬಲ ಚಕ್ರದ ನಡುವಿಗಿಂತ ಸ್ವಲ್ಪ ಹಿಂದೆ ಬೀಳುತ್ತೆ, ಅದಕ್ಕೇ ಸ್ಟೇರಿಂಗ್ ತಾನೇ ನೇರ ಆಗೋಕೆ ನೋಡುತ್ತೆ. ನಿಮ್ಮ ಕೈಗೆ ಗೊತ್ತಾಗೋ ಭಾರ ಇದೇ. ಈಗ ಮುಖ್ಯವಾದ ಮಾತು. ತಿರುವಲ್ಲಿ ಸ್ಪೀಡ್ ಜಾಸ್ತಿ ಆಗ್ತಾ ಹೋದ ಹಾಗೆ ಟೈರ್ ರಸ್ತೆಗೆ ತಾಗೋ ಜಾಗದ ಹಿಂಭಾಗ ಮೊದಲು ಜಾರೋಕೆ ಶುರುವಾಗುತ್ತೆ, ಬಲ ಬೀಳೋ ಜಾಗ ಮುಂದಕ್ಕೆ ಸರಿಯುತ್ತೆ, ಸ್ಟೇರಿಂಗ್ ಭಾರ ಇಳಿಯೋಕೆ ಶುರುವಾಗುತ್ತೆ, ಮತ್ತೆ ಇದು ಆಗೋದು ಪೂರ್ತಿ ಗ್ರಿಪ್ ಹೋಗೋದಕ್ಕಿಂತ ಮುಂಚೆ! ಅಂದ್ರೆ ಒಳ್ಳೇ ಸ್ಟೇರಿಂಗ್ ಇರೋ ಗಾಡೀಲಿ ಜಾರೋ ಮೊದಲೇ ಕೈಗೆ ಸುದ್ದಿ ಬರುತ್ತೆ. ಒದ್ದೆ ರಸ್ತೇಲಿ, ಮರಳು ಚೆಲ್ಲಿರೋ ಕಡೆ, ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ. ಗಾಡಿ ಮಾತಾಡುತ್ತೆ ಅಂತ ಜನ ಅನ್ನೋದು ಇದನ್ನೇ, ಇದರಲ್ಲಿ ಮಂತ್ರ ಏನಿಲ್ಲ, ಟೈರ್‌ನಿಂದ ಟೈ ರಾಡ್ (ಚಕ್ರಾನ ತಿರುಗಿಸೋ ಸರಳು), ಟೈ ರಾಡ್‌ನಿಂದ ರ‍್ಯಾಕು (ಸ್ಟೇರಿಂಗ್ ತಿರುಗಿಸಿದಾಗ ಎಡಬಲ ಸರಿಯೋ ಹಲ್ಲಿನ ಪಟ್ಟಿ), ರ‍್ಯಾಕ್‌ನಿಂದ ಕೈಗೆ ಬರೋ ಬಲ.

ಈ ಸುದ್ದಿ ದಾರೀಲಿ ಎಲ್ಲಿ ಕಳೆದುಹೋಗುತ್ತೆ? ಸಸ್ಪೆನ್ಷನ್ ಕೀಲಿಗೆ ಹಾಕೋ ಮೆತ್ತನೆ ರಬ್ಬರ್ ಬುಷ್‌ನಲ್ಲಿ ಸ್ವಲ್ಪ, ರ‍್ಯಾಕ್ ಕೂರಿಸಿರೋ ಜಾಗ ಬಿಗಿ ಇಲ್ದಿದ್ರೆ ಸ್ವಲ್ಪ, ಎಲೆಕ್ಟ್ರಿಕ್ ಸ್ಟೇರಿಂಗ್ ಮೋಟರ್‌ನ ಘರ್ಷಣೇಲಿ ಸ್ವಲ್ಪ, ಆಮೇಲೆ ರಸ್ತೆ ನಡುಕ ಕೈಗೆ ಬರ್ಬಾರ್ದು ಅಂತ ಸಾಫ್ಟ್‌ವೇರ್‌ನಲ್ಲಿ ಅಳಿಸೋದ್ರಲ್ಲಿ ತುಂಬಾನೇ. 2011ರಲ್ಲಿ ಪೋರ್ಷೆ 911ರ 991 ಪೀಳಿಗೆ ಎಣ್ಣೆ ಒತ್ತಡದಿಂದ ಸಹಾಯ ಮಾಡೋ ಹೈಡ್ರಾಲಿಕ್ ಸ್ಟೇರಿಂಗ್ ಬಿಟ್ಟು ಎಲೆಕ್ಟ್ರಿಕ್‌ಗೆ ಬಂದಾಗ ಎಷ್ಟು ಚರ್ಚೆ ಆಯ್ತು ಅಂತ ಹಳಬರಿಗೆ ನೆನಪಿರುತ್ತೆ. ಆದ್ರೆ ಎಲೆಕ್ಟ್ರಿಕ್ ಅಂದ ತಕ್ಷಣ ಬೈಯೋದನ್ನ ನಾನು ಒಪ್ಪಲ್ಲ, ಹೋಂಡಾ ಎಸ್2000 1999ರಲ್ಲೇ ಎಲೆಕ್ಟ್ರಿಕ್ ಸ್ಟೇರಿಂಗ್ ಇಟ್ಕೊಂಡು ಬಂದಿತ್ತು, ಈಗಿನ ಎಂಎಕ್ಸ್-5ದೂ ಎಲೆಕ್ಟ್ರಿಕ್ಕೇ, ಅದನ್ನ ಓಡಿಸಿದೋರು ಯಾರೂ ಸತ್ತ ಸ್ಟೇರಿಂಗ್ ಅನ್ನಲ್ಲ. ಟ್ಯೂನ್ ಮಾಡಿದೋರು ಏನನ್ನ ಉಳಿಸ್ಬೇಕು ಅಂದ್ಕೊಂಡ್ರು ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಮೂರನೇಗೇರು ಅವರೇ, ನಿಮ್ಮ ಎಸ್‌ಯುವೀಲಿ ಸ್ಪೋರ್ಟ್ ಮೋಡ್ ಇದ್ರೆ ಹಾಕಿ ನೋಡಿ. ಸ್ಟೇರಿಂಗ್ ಭಾರ ಆಗುತ್ತೆ, ಆದ್ರೆ ತಿರುವಲ್ಲಿ ಆ ಭಾರ ಏರಿಳಿಯುತ್ತಾ ಅಂತ ಗಮನಿಸಿ. ನೇರ ಹೋಗುವಾಗ್ಲೂ ತಿರುಗುವಾಗ್ಲೂ ಒಂದೇ ಥರ ಇದ್ರೆ ಅದು ಸುಮ್ನೆ ಸೇರಿಸಿರೋ ಭಾರ, ಸುದ್ದಿ ಏನೂ ಇಲ್ಲ ಅದರಲ್ಲಿ.

ಒಂಬತ್ತುಸಾವಿರ:

ಗುರುಗಳೇ ಎಲ್ಲಾ ಸರಿ, ಎಂಜಿನ್ ಬಗ್ಗೆ ಯಾರೂ ಮಾತೇ ಆಡ್ತಿಲ್ವಲ್ಲ! ಎಸ್2000 ಹೆಸರು ತಗೊಂಡ್ರಿ, ಆ ಗಾಡಿ ಜನರ ಮನಸಲ್ಲಿ ಉಳಿದಿರೋದು ಸ್ಟೇರಿಂಗ್‌ಗಾ? 2.0 ಲೀಟರ್, ಟರ್ಬೊ ಇಲ್ಲ, 240 ಎಚ್‌ಪಿ ಆಸುಪಾಸು, 9,000 ಆರ್‌ಪಿಎಂ ತನಕ ಹೋಗುತ್ತೆ, 6,000ದ ಹತ್ರ ವಾಲ್ವ್ ತೆರೆಯೋ ಕ್ಯಾಮ್ ಬದಲಾಗಿ ದನಿ ಬೇರೇನೇ ಆಗುತ್ತೆ. ಅಲ್ಲೀತನಕ ಎಳೆದುಕೊಂಡು ಹೋಗ್ಬೇಕು, ಸರಿಯಾದ ಗೇರಲ್ಲಿರ್ಬೇಕು, ಅದನ್ನ ನೀವು ಸಂಪಾದಿಸ್ಕೋಬೇಕು, ಅದರಲ್ಲೇ ಸುಖ ಇರೋದು.

ಈಗಿನ ಚಿಕ್ಕ ಟರ್ಬೊ ಎಂಜಿನ್ ನೋಡಿ, 1,500–1,800 ಆರ್‌ಪಿಎಂಗೇ ಪೂರ್ತಿ ಟಾರ್ಕ್ (ಎಳೆಯೋ ಬಲ) ಬಂದ್ಬಿಡುತ್ತೆ, 4,000 ದಾಟಿದ್ಮೇಲೆ ಉಸಿರು ಕಟ್ಟುತ್ತೆ. ದಿನಾ ಓಡಾಡೋಕೆ ಅದು ತುಂಬಾ ಅನುಕೂಲ, ನಾನೇನ್ ಇಲ್ಲ ಅನ್ನಲ್ಲ, ಆದ್ರೆ ಗೇರ್ ಬದಲಾಯಿಸೋಕೆ ಕಾರಣಾನೇ ಉಳಿಯಲ್ಲ, ಮೇಲಕ್ಕೆ ಎಳೆಯೋಕೂ ಕಾರಣ ಉಳಿಯಲ್ಲ. ಜೊತೆಗೆ ಆಕ್ಸಿಲರೇಟರ್ ಒತ್ತಿದ್ದಕ್ಕೂ ಎಂಜಿನ್ ಕೊಡೋದಕ್ಕೂ ತಾಳ ತಪ್ಪುತ್ತೆ. ಮೊದಲು ಏನೂ ಇಲ್ಲ, ಆಮೇಲೆ ಕೇಳಿದ್ದಕ್ಕಿಂತ ಜಾಸ್ತಿ. ತಿರುವಿನ ನಡುವೆ ಒಂದು ಎಳೆ ಪವರ್ ಕೊಟ್ಟು ಗಾಡೀನ ನೆಟ್ಟಗೆ ಕೂರಿಸ್ಬೇಕು ಅಂದಾಗ ಇದು ಕೈ ಕೊಡುತ್ತೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಪಾದ ಎಷ್ಟು ಇಳೀತೋ ಅಷ್ಟೇ ಬರುತ್ತೆ. ಪ್ರಶ್ನೆ ಕೇಳಿದವರ ಎರಡೂ ಗಾಡಿಗೆ ಇರೋ ದೊಡ್ಡ ವ್ಯತ್ಯಾಸ ಇದೇ ಅಂತ ನನಗನ್ಸುತ್ತೆ.

ಮತ್ತೆ ಗೇರ್ ಲಿವರ್. ಚಿಕ್ಕದಾಗಿ, ಒಂದೊಂದು ಗೇರೂ ಟಕ್ ಅಂತ ತನ್ನ ಜಾಗಕ್ಕೆ ಬೀಳೋ ಲಿವರ್ ಇದ್ರೆ ಟ್ರಾಫಿಕ್‌ನಲ್ಲಿ ಎರಡರಿಂದ ಮೂರಕ್ಕೆ ಹಾಕೋದೂ ಖುಷೀನೇ. ಬ್ರೇಕೂ ಆಕ್ಸಿಲರೇಟರೂ ಒಂದೇ ಮಟ್ಟದಲ್ಲಿ ಹತ್ತಿರ ಹತ್ತಿರ ಇದ್ರೆ ಬ್ರೇಕ್ ಒತ್ತುತ್ತಲೇ ಪಾದದ ಅಂಚಿಂದ ಎಂಜಿನ್ ರೈಸ್ ಮಾಡಿ ಕೆಳಗಿನ ಗೇರಿಗೆ ಜರ್ಕ್ ಇಲ್ದೆ ಇಳಿಸ್ಬೋದು. ಇದನ್ನ ಕಲಿತು ಮೊದಲ ಸಲ ಸರಿಯಾಗಿ ಬಂದಾಗ ಆಗೋ ಸಂತೋಷ ಸ್ಟೇರಿಂಗ್ ಹಿಂದೆ ಬೆರಳಲ್ಲಿ ಗೇರ್ ಹಾಕೋ ಯಾವ ಪ್ಯಾಡಲ್ ಶಿಫ್ಟರ್ ಕೊಡುತ್ತೆ ಹೇಳಿ? ಕೆಲವು ಕಂಪನಿ ಈಗ ಎಂಜಿನ್ ದನೀನ ಸ್ಪೀಕರ್‌ನಲ್ಲಿ ಹಾಕ್ತಾರೆ, ಎಂಜಿನ್ ಗಾಳಿ ಎಳ್ಕೊಳೋ ನಿಜವಾದ ಇನ್‌ಟೇಕ್ ದನಿ ಕೇಳಿದ ಕಿವಿಗೆ ಅದು ಒಪ್ಪಲ್ಲ.

ಬ್ಯಾಟರಿಬಲ:

ಒಂಬತ್ತುಸಾವಿರ ಅವರೇ, ನೀವು ಹೇಳಿದ್ದನ್ನೇ ಹಿಡ್ಕೊಂಡು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪಾದ ಎಷ್ಟು ಇಳೀತೋ ಅಷ್ಟೇ, ಆ ಕ್ಷಣಾನೇ ಬರ್ಬೇಕು ಅಂದ್ರಲ್ಲ, ಅದನ್ನ ಎಲೆಕ್ಟ್ರಿಕ್ ಮೋಟರ್‌ಗಿಂತ ಚೆನ್ನಾಗಿ ಯಾವ ಎಂಜಿನ್ ಮಾಡುತ್ತೆ? ಗಾಳಿ ಎಳ್ಕೋಬೇಕು, ಉರೀಬೇಕು, ಟರ್ಬೊ ತಿರುಗ್ಬೇಕು, ಗೇರ್ ಇಳೀಬೇಕು ಅನ್ನೋ ಯಾವ ಕಾಯೋದೂ ಇಲ್ಲ. ಪಾದ ಎತ್ತಿದ್ರೂ ಅಷ್ಟೇ, ರೀಜನ್ (ಪಾದ ಎತ್ತಿದಾಗ ಮೋಟರೇ ಗಾಡೀನ ನಿಧಾನ ಮಾಡಿ ಬ್ಯಾಟರಿ ತುಂಬೋದು) ಚೆನ್ನಾಗಿ ಟ್ಯೂನ್ ಮಾಡಿರೋ ಗಾಡೀಲಿ ತಿರುವಿಗೆ ಮುಂಚೆ ಒಂದೇ ಪೆಡಲ್‌ನಿಂದ ತೂಕಾನ ಮುಂದಕ್ಕೆ ಹಿಂದಕ್ಕೆ ಕೂದಲೆಳೆಯಷ್ಟು ಲೆಕ್ಕದಲ್ಲಿ ಆಡಿಸ್ಬೋದು. ನಾನು ವರ್ಷಗಟ್ಟಲೆ ಪೆಟ್ರೋಲ್ ಮ್ಯಾನ್ಯುವಲ್ ಓಡಿಸಿದೋನು, ಈಗ ಇವಿ ಓಡಿಸ್ತೀನಿ, ಎರಡೂ ಬಲ್ಲವನಾಗಿ ಹೇಳ್ತಿದೀನಿ, ಇದರಲ್ಲೂ ಚಾಲಕನಿಗೆ ಮಾಡೋಕೆ ಬೇಕಾದಷ್ಟು ಕೆಲಸ ಇದೆ.

ಬ್ಯಾಟರಿ ನೆಲದಲ್ಲಿರೋದ್ರಿಂದ ತೂಕ ತುಂಬ ಕೆಳಗಿರುತ್ತೆ, ಹಗುರಗಾಡಿ ಅವರು ಹೇಳಿದ ಹಾಗೆ ಎರಡು ಆಕ್ಸಲ್ ಮಧ್ಯೇನೂ ಇರುತ್ತೆ. ಹಾಗಂತ ಒಟ್ಟು ತೂಕದ ವಿಷಯದಲ್ಲಿ ನಾನು ವಾದ ಮಾಡಲ್ಲ, 2019ರ ಪೋರ್ಷೆ ಟೈಕಾನ್ ಎಷ್ಟೇ ಚೆನ್ನಾಗಿ ತಿರುಗಿದ್ರೂ ಎರಡು ಟನ್ ದಾಟಿದೆ, ಬ್ರೇಕ್ ಮೇಲೆ ಹತ್ತಿದಾಗ ಆ ಎರಡು ಟನ್ನು ಎಲ್ಲೂ ಬಚ್ಚಿಟ್ಕೊಳಲ್ಲ. ಇವಿಗಳಲ್ಲಿ ನನಗೆ ಇನ್ನೂ ಸಮಾಧಾನ ಇಲ್ಲದ ಜಾಗ ಅಂದ್ರೆ ಬ್ರೇಕ್ ಪೆಡಲ್ಲು, ಅರ್ಧ ಮೋಟರ್ ಹಿಡಿಯುತ್ತೆ ಅರ್ಧ ಪ್ಯಾಡ್ ಹಿಡಿಯುತ್ತೆ, ಒಂದರಿಂದ ಇನ್ನೊಂದಕ್ಕೆ ಹೋಗೋ ಹೊತ್ತಲ್ಲಿ ಪಾದಕ್ಕೆ ಬೇರೆ ಬೇರೆ ಥರ ಸಿಗುತ್ತೆ. ಇದನ್ನ ನಾಜೂಕಾಗಿ ಮಾಡಿರೋ ಗಾಡಿಗಳು ಕಮ್ಮಿ.

2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್ ನೋಡಿ, ಗೇರ್‌ಬಾಕ್ಸೇ ಇಲ್ಲ, ಆದ್ರೂ ಪ್ಯಾಡಲ್ ಎಳೆದ್ರೆ ಎಂಟು ಗೇರ್ ಇದ್ದ ಹಾಗೆ ಮೋಟರ್ ಟಾರ್ಕ್‌ನ ಕಡಿದು ಕಡಿದು ಕೊಡುತ್ತೆ, ದನೀನೂ ಕೊಡುತ್ತೆ. ತುಂಬ ಜನ ಇದನ್ನ ಆಟಿಕೆ ಅಂದ್ರು. ನಾನು ಓಡಿಸಿ ನೋಡಿದ್ಮೇಲೆ ಅನ್ಸಿದ್ದು, ತಿರುವಿಗೆ ಎಷ್ಟು ಸ್ಪೀಡಲ್ಲಿ ಹೋಗ್ತಿದೀನಿ ಅಂತ ಕಿವೀಗೇ ಗೊತ್ತಾಗುತ್ತೆ, ಮೀಟರ್ ನೋಡೋ ಕೆಲಸ ಇಲ್ಲ. ಗೇರು ದನಿ ಎಲ್ಲ ನಮಗೆ ಬೇಕಾಗಿದ್ದು ಇದಕ್ಕೇ ಅಲ್ವಾ?

ಒಂಬತ್ತುಸಾವಿರ:

ಬೇಜಾರೇನಿಲ್ಲ ಬ್ಯಾಟರಿಬಲ ಅವರೇ. ಕಿವಿಗೆ ಸ್ಪೀಡ್ ಗೊತ್ತಾಗೋ ಮಾತು ಒಪ್ತೀನಿ, ಅದನ್ನ ನಾನು ಆ ದೃಷ್ಟೀಲಿ ಯೋಚಿಸಿರ್ಲಿಲ್ಲ. ಆದ್ರೆ ನನ್ನ ಎಂಜಿನ್‌ನಲ್ಲಿ ದನಿ, ನಡುಕ, ಪವರ್ ಮೂರೂ ಒಂದೇ ಬೆಂಕಿಯಿಂದ ಬರುತ್ತೆ, ಒಂದು ತಪ್ಪಿದ್ರೆ ಇನ್ನೊಂದ್ರಲ್ಲಿ ಗೊತ್ತಾಗುತ್ತೆ. ನಿಮ್ಮದರಲ್ಲಿ ಒಬ್ಬ ಎಂಜಿನಿಯರ್ ಕೂತು ಹೊಂದಿಸಿ ಕೊಟ್ಟಿರೋದು, ಬಟನ್ ಒತ್ತಿದ್ರೆ ಹೋಗುತ್ತೆ. ನನಗೆ ಅದು ಗೊತ್ತಿದ್ಮೇಲೆ ಮನಸು ಪೂರ್ತಿ ಸೇರಲ್ಲ. ಇಲ್ಲಿ ನಾವಿಬ್ರೂ ಒಪ್ಪೋದು ಕಷ್ಟ ಅನ್ಸುತ್ತೆ.

ಒಳತಿರುವು:

ನಾನು ಆಟೊಕ್ರಾಸ್ (ಚಿಕ್ಕ ತಿರುವಿನ ಟ್ರ್ಯಾಕಲ್ಲಿ ಟೈಮ್ ಲೆಕ್ಕ ಹಾಕಿ ನಡೆಸೋ ಸ್ಪರ್ಧೆ) ಓಡಿಸ್ತೀನಿ, ಹೊಸಬರಿಗೆ ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ ಕೂಡ. ಮೇಲಿನ ಅಣ್ಣಂದ್ರು ಹೇಳಿದ್ದೆಲ್ಲ ಗಾಡಿ ಭಾಗಗಳ ಮಾತು. ನನ್ನ ಪ್ರಕಾರ ಇನ್ನೊಂದು ಇದೆ, ಗಾಡಿ ತನ್ನ ಲಿಮಿಟ್ ಹತ್ರ ಬಂದಾಗ ಹೇಗೆ ನಡ್ಕೊಳುತ್ತೆ ಅನ್ನೋದು. ಕೆಲವು ಗಾಡಿ ಕೊನೇ ಕ್ಷಣದವರೆಗೂ ಬಂಡೆ ಥರ ಹಿಡ್ಕೊಂಡಿದ್ದು ಒಂದೇ ಸಲ ಬಿಟ್ಬಿಡುತ್ತೆ. ಕೆಲವು ಮುಂಚೇನೇ ನಿಧಾನಕ್ಕೆ ಜಾರೋಕೆ ಶುರು ಮಾಡಿ, ಸರಿಪಡಿಸ್ಕೋ ಅಂತ ಟೈಮ್ ಕೊಡುತ್ತೆ. ಎರಡನೇ ಥರದ್ದು ಲ್ಯಾಪ್ ಟೈಮಲ್ಲಿ ಹಿಂದೆ ಬೀಳ್ಬೋದು, ಆದ್ರೆ ಓಡಿಸೋಳು ಅದರಲ್ಲಿ ಕಲೀತಾಳೆ, ಇವತ್ತು ಮಾಡಿದ್ದನ್ನ ನಾಳೆ ಇನ್ನೂ ಚೆನ್ನಾಗಿ ಮಾಡ್ತಾಳೆ.

2012ರಲ್ಲಿ ಟೊಯೋಟಾ 86, ಸುಬರು ಬಿಆರ್‌ಝಡ್ ಬಂದಾಗ ಬೇಕಂತಲೇ ಇದನ್ನ ಮಾಡಿದ್ರು. ಮಲಗಿರೋ ಬಾಕ್ಸರ್ ಎಂಜಿನ್ ಹಾಕಿ ತೂಕ ಕೆಳಗಿಟ್ರು, 200 ಎಚ್‌ಪಿ ಕೊಟ್ರು, ಟೈರ್ ಮಾತ್ರ 215 ಅಗಲದ್ದು, ಮೈಲೇಜ್‌ಗೆ ಹೆಸರಾದ ಹೈಬ್ರಿಡ್ ಕಾರು ಪ್ರಿಯಸ್‌ಗೆ ಹಾಕ್ತಿದ್ದ ಮಿಷೆಲಿನ್ ಪ್ರೈಮಸಿ ಜಾತೀದು. ಗ್ರಿಪ್ ಸಾಲಲ್ಲ ಅಂತ ಬೈದೋರೂ ಇದ್ರು. ಆದ್ರೆ ಅದರಿಂದ ಏನಾಯ್ತಂದ್ರೆ ಸಾಧಾರಣ ಸ್ಪೀಡಲ್ಲೇ ಗಾಡಿ ಹಿಂದಿನ ಭಾಗ ಹೇಗೆ ಆಡುತ್ತೆ, ಪಾದ ಎತ್ತಿದ್ರೆ ಏನು, ಕೊಟ್ರೆ ಏನು ಅಂತ ಎಲ್ಲಾ ಗೊತ್ತಾಗುತ್ತೆ. ಇದಕ್ಕೆ ವಿರುದ್ಧ ಉದಾಹರಣೆ ಬೇಕಂದ್ರೆ ಪಿಯೂಜೊ 205 ಜಿಟಿಐ, 1984ರದ್ದು, ಅದ್ಭುತ ಗಾಡಿ, ಆದ್ರೆ ತಿರುವಿನ ನಡುವೆ ಹೆದರಿ ಪಾದ ಎತ್ತಿದ್ರೆ ಹಿಂದಿನ ಚಕ್ರ ಮುಂದೆ ಬರೋಕೆ ನೋಡುತ್ತೆ, ಗೊತ್ತಿದ್ದೋರಿಗೆ ಅದೇ ಅದರ ಸೊಗಸು, ಗೊತ್ತಿಲ್ದೋರಿಗೆ ಅಪಾಯ.

ದಯವಿಟ್ಟು ಒಂದು ಮಾತು, ಲಿಮಿಟ್ ನೋಡೋ ಕೆಲಸ ಎಲ್ಲಾ ಟ್ರ್ಯಾಕಲ್ಲೋ ಖಾಲಿ ಮೈದಾನದಲ್ಲೋ ಮಾತ್ರ. ಸ್ಪೀಡ್ ಎರಡು ಪಟ್ಟಾದ್ರೆ ಗಾಡೀಲಿರೋ ಶಕ್ತಿ ನಾಲ್ಕು ಪಟ್ಟು, ರಸ್ತೇಲಿ ನಿಮ್ಮ ಜೊತೆ ಬೇರೆಯವರೂ ಇರ್ತಾರೆ. ಗಾಡಿ ಜಾರಿದಾಗ ತಾನೇ ಬ್ರೇಕ್ ಹಾಕಿ ಹಿಡಿತಕ್ಕೆ ತರೋ ಸ್ಟೆಬಿಲಿಟಿ ಕಂಟ್ರೋಲ್ 1995ರಲ್ಲಿ ಮರ್ಸಿಡಿಸ್‌ನಲ್ಲಿ ಬಂದಾಗಿಂದ ಎಷ್ಟು ಜೀವ ಉಳಿಸಿದೆಯೋ, ರಸ್ತೇಲಿ ಅದನ್ನ ಆಫ್ ಮಾಡೋದು ಬೇಡ.

ಡ್ಯಾಂಪರ್:

ಇಡೀ ಚರ್ಚೇಲಿ ಶಾಕ್ ಅಬ್ಸಾರ್ಬರ್ ಹೆಸರು ಬಂದಿಲ್ಲ. ಮೂರನೇಗೇರು ಅವರು ದಿನಾ ಟ್ರ್ಯಾಕಿಗೆ ಹೋಗಲ್ಲ, ಉಬ್ಬುತಗ್ಗಿನ ರಸ್ತೇಲಿ ನಲವತ್ತು ಐವತ್ತರಲ್ಲಿ ಹೋಗುವಾಗ್ಲೂ ಹಳೇ ಗಾಡಿ ಚೆನ್ನಾಗನ್ಸುತ್ತೆ, ಅದಕ್ಕೆ ಲಿಮಿಟ್ ವಿವರಣೆ ಸಾಲಲ್ಲ.

ಫೋರ್ಡ್‌ನಲ್ಲಿ ರಿಚರ್ಡ್ ಪ್ಯಾರಿ-ಜೋನ್ಸ್ ಅಂತ ಎಂಜಿನಿಯರ್ ಇದ್ರು, 2021ರಲ್ಲಿ ತೀರ್ಕೊಂಡ್ರು. ಗಾಡಿ ಮೊದಲ 50 ಮೀಟರ್ ಹೋಗೋದ್ರೊಳಗೆ ಅದರ ಗುಣ ಬಹುಪಾಲು ತಿಳಿಯುತ್ತೆ ಅನ್ನೋದು ಅವರ ನಂಬಿಕೆ. ಕ್ಲಚ್ ಎಲ್ಲಿ ಹಿಡಿಯುತ್ತೆ, ಸ್ಟೇರಿಂಗ್ ಮೊದಲ ಎಳೇಲಿ ಏನು ಮಾಡುತ್ತೆ, ಬ್ರೇಕ್ ಮೊದಲ ಸ್ಪರ್ಶಕ್ಕೆ ಎಷ್ಟು ಕಚ್ಚುತ್ತೆ, ಇವೆಲ್ಲ ಒಂದಕ್ಕೊಂದು ಹೊಂದ್ಕೊಂಡಿದೆಯಾ. 1998ರ ಫೋಕಸ್‌ನಲ್ಲಿ ಹಿಂದಕ್ಕೆ ಮಲ್ಟಿಲಿಂಕ್ ಸಸ್ಪೆನ್ಷನ್ (ಒಂದೊಂದು ಚಕ್ರಾನೂ ಬೇರೆ ಬೇರೆಯಾಗಿ ಹಿಡಿಯೋದು) ಕೊಟ್ರು, ಅದೇ ಕ್ಲಾಸಿನ ತುಂಬ ಕಾರಿಗೆ ಆಗ ಹಿಂದೆ ಎರಡು ಚಕ್ರಾನೂ ಒಂದೇ ತೊಲೆಗೆ ಸೇರಿಸೋ ಸಾದಾ ಟಾರ್ಷನ್ ಬೀಮ್ ಇದ್ದ ಕಾಲ. ಸಾಮಾನ್ಯ ಮನೆ ಬಳಕೆಯ ಗಾಡಿ ಅದು, ಆದ್ರೆ ಓಡಿಸಿದೋರು ಈಗ್ಲೂ ಅದರ ಮಾತಾಡ್ತಾರೆ.

ಹೊಂದಾಣಿಕೆ ಅಂದೆ, ಅದನ್ನ ಸ್ವಲ್ಪ ಬಿಡಿಸ್ತೀನಿ. ಸ್ಟೇರಿಂಗ್ ತುಂಬ ಚುರುಕಾಗಿದ್ದು ಬಾಡಿ ನಿಧಾನಕ್ಕೆ ವಾಲಿದ್ರೆ ಮೂತಿ ತಿರುಗಿಬಿಟ್ಟಿರುತ್ತೆ, ಮೈ ಇನ್ನೂ ವಾಲ್ತಾನೇ ಇರುತ್ತೆ, ನೀವು ಕೈ ಮತ್ತೆ ಸರಿ ಮಾಡ್ತೀರಿ, ತಿರುವಿಡೀ ಇದೇ ಪರದಾಟ. ವಾಲೋದು ತಪ್ಪೇನಲ್ಲ. ವಾಲೋದು ಒಂದೇ ಹದದಲ್ಲಿ ನಡೆದು, ಒಂದು ಕಡೆ ಬಂದು ನಿಂತು, ಮತ್ತೆ ಓಲಾಡದೆ ಇದ್ರೆ ಅದೂ ನಿಮಗೊಂದು ಮಾಹಿತಿ, ತಿರುವು ಎಷ್ಟು ಬಿಗಿ ಇದೆ ಅಂತ ಮೈಗೆ ತಿಳಿಸುತ್ತೆ. ಎಂಎಕ್ಸ್-5 ಸಾಕಷ್ಟು ವಾಲುತ್ತೆ, ಯಾರಿಗೂ ಅದು ತೊಂದರೆ ಕೊಡಲ್ಲ. ಇದನ್ನೆಲ್ಲ ಹಿಡಿತದಲ್ಲಿಡೋದು ಡ್ಯಾಂಪರ್, ಅಂದ್ರೆ ಶಾಕ್ ಅಬ್ಸಾರ್ಬರ್. ಅಗ್ಗದ ಡ್ಯಾಂಪರ್ ಹಾಕಿ ಸ್ಪ್ರಿಂಗ್ ಗಟ್ಟಿ ಮಾಡಿದ್ರೆ ಸಣ್ಣ ಉಬ್ಬಿಗೆ ಕುಕ್ಕುತ್ತೆ, ದೊಡ್ಡ ಅಲೆಗೆ ತೇಲುತ್ತೆ, ಎರಡೂ ಕೆಟ್ಟದ್ದು.

ಮತ್ತೆ ರಿಮ್. ಈಗಿನ ಎಸ್‌ಯುವಿಗಳಿಗೆ ನೋಡೋಕೆ ಚೆಂದ ಅಂತ 18, 19 ಇಂಚು ಹಾಕಿ ಕಳಿಸ್ತಾರೆ. ಚಕ್ರ ಭಾರ ಆದಷ್ಟೂ ಉಬ್ಬು ಹತ್ತಿದಾಗ ಅದು ಮೇಲೆ ಹಾರಿ ಮತ್ತೆ ರಸ್ತೆಗೆ ಕೂರೋದು ತಡ, ಡ್ಯಾಂಪರ್‌ಗೆ ಕೆಲಸ ಜಾಸ್ತಿ. ಟೈರ್ ಪಕ್ಕದ ಗೋಡೆ ತೆಳುವಾದ್ರೆ ಸಣ್ಣ ಪೆಟ್ಟು ನೇರ ಸೀಟಿಗೆ ಬರುತ್ತೆ. ನಿಮ್ಮ ಹಳೇ ಹ್ಯಾಚ್‌ಬ್ಯಾಕ್‌ಗೆ 14 ಇಂಚಿನ ಚಿಕ್ಕ ಚಕ್ರ ಇರ್ಬೋದು ಅಂತ ಊಹೆ.

ಕೂರೋ ಜಾಗದ ಬಗ್ಗೆ ಚಿಕ್ಕದಾಗಿ, ತಗ್ಗಿನಲ್ಲಿ ಕೂತ್ರೆ ಗಾಡಿ ತಿರುಗೋದು ಸೊಂಟಕ್ಕೇ ಗೊತ್ತಾಗುತ್ತೆ, ಎತ್ತರದಲ್ಲಿ ಕೂತ್ರೆ ಅದೇ ವಾಲೋದು ತಲೇನ ಅತ್ತಿಂದಿತ್ತ ಎಸೆದ ಹಾಗಿರುತ್ತೆ. ಮುಂದಿನ ಪಿಲ್ಲರ್ ತೆಳ್ಳಗಿದ್ರೆ ತಿರುವಿನ ಒಳಗೆ ಕಣ್ಣು ಹಾಯುತ್ತೆ. 1990ರ ಹೋಂಡಾ ಎನ್‌ಎಸ್‌ಎಕ್ಸ್‌ನಲ್ಲಿ ಸುತ್ತ ಕಾಣೋದಕ್ಕೆ ಅಷ್ಟು ಮಹತ್ವ ಕೊಟ್ಟಿದ್ದು ಸುಮ್ನೆ ಅಲ್ಲ.

ಮೂರನೇಗೇರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ಡ್ಯಾಂಪರ್ ಅವರ ಊಹೆ ಸರಿ, ಹಳೇದಕ್ಕೆ 14 ಇಂಚೇ. ರ‍್ಯಾಕ್‌ಪಿನಿಯನ್ ಅವರು ಹೇಳಿದ ಹಾಗೆ ಸ್ಪೋರ್ಟ್ ಮೋಡ್ ಹಾಕಿ ಗಮನಿಸಿದೆ, ನೀವು ಹೇಳಿದ್ದೇ ನಿಜ, ಭಾರ ಜಾಸ್ತಿ ಆಗುತ್ತೆ ಆದ್ರೆ ತಿರುವಲ್ಲಿ ಏರೋದೂ ಇಲ್ಲ ಇಳಿಯೋದೂ ಇಲ್ಲ. ಹಳೇದರಲ್ಲಿ ರಸ್ತೆ ಡಾಂಬರಿಂದ ಕಾಂಕ್ರೀಟಿಗೆ ಬದಲಾದ್ರೂ ಕೈಗೆ ಗೊತ್ತಾಗುತ್ತೆ.

ಈಗ ಎರಡು ಪ್ರಶ್ನೆ ಇದೆ. ಮುಂದೆ ಗಾಡಿ ತಗೊಳೋವಾಗ ಚಿಕ್ಕ ಟೆಸ್ಟ್ ಡ್ರೈವಲ್ಲಿ ಇದನ್ನೆಲ್ಲ ಹೇಗೆ ಪರೀಕ್ಷೆ ಮಾಡ್ಲಿ, ಜೋರಾಗಿ ಓಡಿಸೋ ಹಾಗಿಲ್ವಲ್ಲ? ಇನ್ನೊಂದು, ಇರೋ ಎಸ್‌ಯುವೀನ ಸ್ವಲ್ಪನಾದ್ರೂ ಜೀವಂತ ಮಾಡೋಕಾಗುತ್ತಾ?

ರ‍್ಯಾಕ್‌ಪಿನಿಯನ್:

ಜೋರಾಗಿ ಓಡಿಸೋದು ಬೇಕಾಗೇ ಇಲ್ಲ ಸರ್. ಮ್ಯೂಸಿಕ್ ಆಫ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ. ನೇರ ರಸ್ತೇಲಿ ಐವತ್ತರಲ್ಲಿ ಹೋಗ್ತಾ ಸ್ಟೇರಿಂಗ್‌ನ ಬೆರಳಗಲ ಆಚೆ ಈಚೆ ಮಾಡಿ, ಗಾಡಿ ಆ ಕ್ಷಣ ಸ್ಪಂದಿಸ್ಬೇಕು, ಏನೂ ಆಗದ ಖಾಲಿ ಜಾಗ ಇರ್ಬಾರ್ದು, ಎಗರ್ಲೂಬಾರ್ದು. ಬ್ರೇಕ್‌ನ ಒಂದೇ ಸಲ ಒತ್ತೋ ಬದಲು ಸಿಗ್ನಲ್‌ಗೆ ನಿಲ್ಲುವಾಗ ಕೊನೇಲಿ ನಿಧಾನಕ್ಕೆ ಬಿಡ್ತಾ ಜರ್ಕ್ ಇಲ್ದೆ ನಿಲ್ಸೋಕಾಗುತ್ತಾ ನೋಡಿ, ಪೆಡಲ್ ಎಷ್ಟು ಹದವಾಗಿದೆ ಅಂತ ಅದರಲ್ಲೇ ತಿಳಿಯುತ್ತೆ. ಆಕ್ಸಿಲರೇಟರ್ ಕಾಲು ಭಾಗ ಒತ್ತಿದ್ರೆ ಕಾಲು ಭಾಗದಷ್ಟೇ ಹೋಗ್ಬೇಕು, ಎಷ್ಟೋ ಗಾಡೀಲಿ ಶೋರೂಮ್ ಮುಂದೆ ಪಿಕಪ್ ಚೆನ್ನಾಗಿದೆ ಅನ್ಸೋಕೆ ಮೊದಲ ಒತ್ತಿಗೇ ಜಾಸ್ತಿ ಕೊಟ್ಟಿರ್ತಾರೆ. ಹಾಳು ರಸ್ತೆ ಒಂದು ಹುಡುಕಿ ಖಂಡಿತ ಅದರ ಮೇಲೆ ಹೋಗಿ. ಮೂವತ್ತರಲ್ಲಿ ಹೋಗೋ ಒಂದು ರೌಂಡ್‌ಅಬೌಟ್ ಇದ್ರೆ ಸಾಕು, ಸ್ಟೇರಿಂಗ್ ಭಾರ ಏರುತ್ತಾ ಇಲ್ವಾ ಗೊತ್ತಾಗುತ್ತೆ.

ಡ್ಯಾಂಪರ್:

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಎಲ್ಲಕ್ಕಿಂತ ಮೊದಲು ಟೈರ್ ಪ್ರೆಷರ್ ಚೆಕ್ ಮಾಡಿ, ಟೈರ್ ತಣ್ಣಗಿದ್ದಾಗ, ಬಾಗಿಲ ಪಕ್ಕ ಬರೆದಿರೋ ಲೆಕ್ಕಕ್ಕೆ. ಆಮೇಲೆ ವೀಲ್ ಅಲೈನ್‌ಮೆಂಟು. ಮುಂದಿನ ಸಲ ಟೈರ್ ಬದಲಾಯಿಸುವಾಗ ಮೈಲೇಜ್‌ಗಿಂತ ಒದ್ದೆ ರಸ್ತೆ ಗ್ರಿಪ್‌ಗೆ ಹೆಸರಾದ ಟೈರ್ ತಗೊಳಿ, ಇಡೀ ಗಾಡೀಲಿ ರಸ್ತೆ ಮುಟ್ಟೋ ಭಾಗ ಅದೊಂದೇ.

ರಿಮ್ ಒಂದಿಂಚು ಚಿಕ್ಕದು ಹಾಕ್ಬೋದು, ನಿಮ್ಮದೇ ಮಾಡೆಲ್‌ನ ಕೆಳಗಿನ ವೇರಿಯಂಟಿಗೆ ಕಂಪನಿಯೇ ಆ ಸೈಜ್ ಕೊಡ್ತಿದ್ರೆ ಇನ್ನೂ ಒಳ್ಳೇದು, ಬ್ರೇಕ್ ಕ್ಯಾಲಿಪರ್‌ಗೆ ತಾಗಲ್ಲ ಅನ್ನೋದು ಖಾತ್ರಿ. ಟೈರ್ ಹೊರ ಸುತ್ತಳತೆ ಮೊದಲಿನಷ್ಟೇ ಇರ್ಬೇಕು, ಇಲ್ದಿದ್ರೆ ಸ್ಪೀಡೋಮೀಟರ್ ತಪ್ಪು ತೋರ್ಸುತ್ತೆ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತೆ ಅನ್ನೋ ನಂಬರ್) ಮಾತ್ರ ಕಂಪನಿ ಹೇಳಿರೋದಕ್ಕಿಂತ ಕಮ್ಮಿ ಇರೋದನ್ನ ಯಾವ ಕಾರಣಕ್ಕೂ ಹಾಕಿಸ್ಬೇಡಿ, ಮನೆಯವರನ್ನೆಲ್ಲ ಕೂರಿಸ್ಕೊಂಡು ದೂರ ಹೋಗೋ ಗಾಡಿ ಅಂದ್ರಲ್ಲ. ಹಳೇ ಹ್ಯಾಚ್‌ಬ್ಯಾಕಿನ ಬುಷ್ಷು, ಶಾಕ್ ಅಬ್ಸಾರ್ಬರ್ ಕೊನೇ ಸಲ ಯಾವಾಗ ಬದಲಾಯಿಸಿದ್ರಿ? ಅದನ್ನೂ ಒಂದ್ಸಲ ನೋಡಿಸಿ, ಈಗಲೇ ಇಷ್ಟು ಖುಷಿ ಕೊಡ್ತಿದೆ ಅಂದ್ರೆ ಹೊಸ ಬುಷ್ ಬಿದ್ಮೇಲೆ ಇನ್ನೂ ಬಿಗಿಯಾಗುತ್ತೆ.